ಥೆಸಲೋನಿಕಿಗೆ ಐದು ದಿನ: ಏನನ್ನು ನೋಡಬೇಕು, ಏನನ್ನು ಬಿಡಬೇಕು

ಪ್ರಶ್ನೆ: ನಾನು ಮೈಸೂರಿನವನು, ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾಗಿದ್ದೇನೆ. ಮುಂದಿನ ಅಕ್ಟೋಬರ್‌ನಲ್ಲಿ ನಾನು ಮತ್ತು ನನ್ನ ಪತ್ನಿ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಐದು ದಿನಗಳ ಮಟ್ಟಿಗೆ ಗ್ರೀಸಿನ ಥೆಸಲೋನಿಕಿಗೆ ಹೋಗಿಬರುವ ಆಸೆಯಿದೆ. ಅಥೆನ್ಸ್ ಬಿಟ್ಟು ಅಲ್ಲಿಗೇಕೆ ಎಂದು ಬಂಧುಗಳು ಕೇಳುತ್ತಿದ್ದಾರೆ. ಇದೇ ಐದು ದಿನಗಳಲ್ಲಿ ಅಥೆನ್ಸ್ ಮತ್ತು ಮೆಟಿಯೋರಾವನ್ನೂ ಸೇರಿಸಿಕೊಳ್ಳಬಹುದೇ? ಪತ್ನಿಗೆ ಮಂಡಿನೋವಿದೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೇಗೆ ಯೋಜಿಸಿಕೊಳ್ಳಬೇಕು?

ಉತ್ತರ: ಸೇರಿಸಿಕೊಳ್ಳಬೇಡಿ ಎಂಬುದೇ ನನ್ನ ಸ್ಪಷ್ಟವಾದ ಸಲಹೆ. ಅಥೆನ್ಸ್ ಅಲ್ಲಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿದೆ. ಹೋಗಿ ಬರುವುದರಲ್ಲೇ ಒಂದು ದಿನ ಕಳೆದುಹೋಗುತ್ತದೆ, ಮತ್ತು ಅರ್ಧ ದಿನದಲ್ಲಿ ನೋಡಿದ ಅಥೆನ್ಸ್ ನೋಡಿದಂತೆಯೇ ಅಲ್ಲ. ಬಂಡೆಗಳ ನೆತ್ತಿಯ ಮೇಲೆ ಮಠಗಳಿರುವ ಮೆಟಿಯೋರಾ ನಿಜಕ್ಕೂ ಅದ್ಭುತವಾದ ಸ್ಥಳ. ಆದರೆ ಅಲ್ಲಿಗೆ ರಸ್ತೆಯಲ್ಲಿ ಒಂದು ಕಡೆಗೇ ಮೂರು ಗಂಟೆಯಷ್ಟು ಬೇಕಾಗುತ್ತದೆ, ಮಠಗಳಿಗೆ ಹೋಗಲು ಮೆಟ್ಟಿಲುಗಳನ್ನು ಹತ್ತಲೇಬೇಕಾಗುತ್ತದೆ. ಮಂಡಿನೋವಿರುವವರಿಗೆ ಅದು ಶಿಕ್ಷೆಯಾಗುತ್ತದೆ. ಐದು ದಿನಗಳನ್ನು ಥೆಸಲೋನಿಕಿಗೂ, ಅಲ್ಲಿಂದ ಸುಮಾರು 75 ಕಿಲೋಮೀಟರ್ ದೂರದಲ್ಲಿ ಪ್ರಾಚೀನ ರಾಜಸಮಾಧಿಗಳಿರುವ ವೆರ್ಗಿನಾಕ್ಕೂ ಮೀಸಲಿಡಿ. ಇತಿಹಾಸ ಬೋಧಿಸಿದವರಿಗೆ ಆ ಕಾಲಾವಧಿ ಹೆಚ್ಚೆನಿಸುವುದಿಲ್ಲ.

ಬಂಧುಗಳ ಪ್ರಶ್ನೆಗೂ ಉತ್ತರ ಹೇಳಬೇಕು. ಥೆಸಲೋನಿಕಿಯಲ್ಲಿ ಅಥೆನ್ಸಿನಂತಹ ಅಕ್ರೊಪೊಲಿಸ್, ಅಂದರೆ ಗುಡ್ಡದ ಮೇಲಿನ ದೇವಾಲಯಗಳ ಕೋಟೆ, ಇಲ್ಲ. ಅಮೃತಶಿಲೆಯ ಕಂಬಸಾಲಿನ ದೇವಾಲಯಗಳನ್ನು ನೋಡಬೇಕೆಂಬ ನಿರೀಕ್ಷೆಯಿಂದ ಹೋದವರು ನಿರಾಶರಾಗಿ ಮರಳುತ್ತಾರೆ. ಕ್ರಿ.ಪೂ. 315ರ ಸುಮಾರಿಗೆ ಮ್ಯಾಸಿಡೋನಿಯಾದ ಕಸಾಂಡರ್ ಈ ನಗರವನ್ನು ಕಟ್ಟಿ, ಅಲೆಗ್ಸಾಂಡರನ ಮಲಸಹೋದರಿಯೂ ತನ್ನ ಪತ್ನಿಯೂ ಆಗಿದ್ದ ಥೆಸಲೋನಿಕೆಯ ಹೆಸರನ್ನು ಅದಕ್ಕಿಟ್ಟನು. ಅಂದಿನಿಂದ ಇಂದಿನವರೆಗೆ ಈ ಊರು ಜನರಿಲ್ಲದೆ ಒಂದು ತಲೆಮಾರನ್ನೂ ಕಳೆದಿಲ್ಲ. ಹಂಪಿಯಲ್ಲಿ ನಗರವು ಬರಿದಾದ ಕಾರಣ ಅದರ ಅವಶೇಷಗಳು ನಮಗೆ ಉಳಿದವು. ಇಲ್ಲಿ ನಗರವು ಬರಿದಾಗದ ಕಾರಣ ಒಂದು ಕಾಲದ ಕಟ್ಟಡದ ಮೇಲೆ ಇನ್ನೊಂದು ಕಾಲ ಬಂದು ಕುಳಿತಿದೆ. ರೋಮನ್ನರು, ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಂನವರು, ಆಟೊಮನ್ ತುರ್ಕರು, ಸ್ಪೇನಿನಿಂದ ಬಂದ ಯೆಹೂದಿಗಳು, ಏಷ್ಯಾ ಮೈನರ್‌ನಿಂದ ಬಂದ ನಿರಾಶ್ರಿತರು, ಇಷ್ಟೂ ಜನರ ಗುರುತುಗಳನ್ನು ಎರಡು ಕಿಲೋಮೀಟರ್ ಸುತ್ತಳತೆಯೊಳಗೆ ನಡೆದೇ ನೋಡಬಹುದಾದ ನಗರಗಳು ಯೂರೋಪಿನಲ್ಲಿ ಹೆಚ್ಚಿಲ್ಲ. ಆದ್ದರಿಂದ ಪ್ರವಾಸಿ ಪಟ್ಟಿಯಲ್ಲಿರುವ ಕಟ್ಟಡಗಳನ್ನು ಒಂದೊಂದಾಗಿ ಮುಗಿಸುವ ಬದಲು, ದಿನಕ್ಕೊಂದು ಕಾಲಘಟ್ಟವನ್ನು ಹಿಡಿದು ನಡೆಯಿರಿ.

ತಂಗುವ ಕೋಣೆಯನ್ನು ಅರಿಸ್ಟಾಟೆಲ್ ಚೌಕ ಮತ್ತು ಸಂತ ಸೋಫಿಯಾ ಚರ್ಚಿನ ನಡುವಿನ ಭಾಗದಲ್ಲಿ, ಲಿಫ್ಟ್ ಇರುವ ಕಟ್ಟಡದಲ್ಲಿ ಗೊತ್ತುಮಾಡಿಕೊಳ್ಳಿ. ಈ ಭಾಗವು ಸಮತಟ್ಟಾಗಿದೆ, ಮೆಟ್ರೋ ನಿಲ್ದಾಣ ಹತ್ತಿರದಲ್ಲಿದೆ, ನೋಡಬೇಕಾದ ಬಹುಪಾಲು ಸ್ಥಳಗಳು ಹದಿನೈದು ನಿಮಿಷದ ನಡಿಗೆಯೊಳಗಿವೆ. ಮೊದಲ ದಿನ ನೀವು ಮಧ್ಯಾಹ್ನದೊಳಗೆ ತಲುಪಿದರೆ ಪುರಾತತ್ವ ವಸ್ತುಸಂಗ್ರಹಾಲಯವೊಂದನ್ನು ಮಾತ್ರ ನೋಡಿ, ಸಂಜೆಯನ್ನು ಕಡಲಂಚಿನ ಹಾದಿಗೆ ಬಿಟ್ಟುಕೊಡಿ. ಸಂಗ್ರಹಾಲಯದಲ್ಲಿ ಎರಡು ವಸ್ತುಗಳ ಮುಂದೆ ನಿಧಾನವಾಗಿ ನಿಲ್ಲಬೇಕು. ಒಂದು, ನಗರದ ಹತ್ತಿರದ ಡರ್ವೆನಿಯ ಸಮಾಧಿಯಲ್ಲಿ ದೊರೆತ ಕಂಚಿನ ದೊಡ್ಡ ಮದ್ಯಪಾತ್ರೆ. ಮದ್ಯದ ದೇವತೆ ಡಯೋನೈಸಸ್ ಮತ್ತು ಅವನ ಪತ್ನಿ ಅರಿಯಾಡ್ನೆಯರ ಸುತ್ತ ಉನ್ಮತ್ತರಾಗಿ ಕುಣಿಯುವ ಸ್ತ್ರೀಯರನ್ನು ಅದರ ಮೈಮೇಲೆ ಉಬ್ಬುಶಿಲ್ಪವಾಗಿ ಮೂಡಿಸಿದ್ದಾರೆ, ಹೊಳಪು ಚಿನ್ನದಂತಿದ್ದರೂ ಅದರಲ್ಲಿ ಚಿನ್ನವಿಲ್ಲ. ಇನ್ನೊಂದು, ಅದೇ ಜಾಗದಲ್ಲಿ 1962ರಲ್ಲಿ ಚಿತೆಯ ಬೂದಿಯ ನಡುವೆ ಸಿಕ್ಕ, ಅರ್ಧ ಸುಟ್ಟ ಪಪೈರಸ್ ಸುರುಳಿ. ಕ್ರಿ.ಪೂ. ನಾಲ್ಕನೆಯ ಶತಮಾನದ್ದಾದ ಇದು ಯೂರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಹಸ್ತಪ್ರತಿ, ಮತ್ತು ಅದರಲ್ಲಿರುವುದು ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್‌ನ ಹೆಸರಿನಲ್ಲಿ ಪ್ರಚಲಿತವಿದ್ದ ಕಾವ್ಯವೊಂದರ ವ್ಯಾಖ್ಯಾನ. ಬೆಂಕಿಯಲ್ಲಿ ಕರಿಯಾದದ್ದರಿಂದಲೇ ಅದು ತೇವಕ್ಕೆ ಕೊಳೆಯದೆ ಉಳಿಯಿತು.

ಎರಡನೆಯ ದಿನವನ್ನು ಗಲೇರಿಯಸ್ ಚಕ್ರವರ್ತಿಯಿಂದ ಆರಂಭಿಸಿ. ರೋಮನ್ ಸಾಮ್ರಾಜ್ಯವನ್ನು ನಾಲ್ವರು ಹಂಚಿಕೊಂಡು ಆಳುತ್ತಿದ್ದ ಕಾಲದಲ್ಲಿ ಇವನು ಥೆಸಲೋನಿಕಿಯಲ್ಲಿ ಅರಮನೆ ಕಟ್ಟಿಸಿದನು. ಕ್ರಿ.ಶ. 298ರಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದರ ನೆನಪಿಗೆ ನಿಲ್ಲಿಸಿದ ವಿಜಯಕಮಾನಿನ ಎಂಟು ಕಂಬಗಳಲ್ಲಿ ಮೂರು ಇಂದಿಗೂ ಎಗ್ನಾತಿಯಾ ಬೀದಿಯ ಪಕ್ಕದಲ್ಲಿವೆ. ನಗರದ ಯುವಕರು ಸ್ನೇಹಿತರಿಗಾಗಿ ಕಾಯುವುದೂ ಅದರ ಕೆಳಗೆಯೇ. ಯುದ್ಧದ ದೃಶ್ಯಗಳನ್ನು ಕೆತ್ತಿದ ಆ ಕಂಬಗಳಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ರೊಟುಂಡಾ ಎಂಬ ವೃತ್ತಾಕಾರದ ಬೃಹತ್ ಕಟ್ಟಡ ಸಿಗುತ್ತದೆ. ಗೋಡೆಗಳ ದಪ್ಪ ಆರು ಮೀಟರಿಗೂ ಹೆಚ್ಚು, ಒಳಗಿನ ವ್ಯಾಸ ಸುಮಾರು 24 ಮೀಟರ್. ಗಲೇರಿಯಸ್ ಇದನ್ನು ತನ್ನ ಸಮಾಧಿಗೆಂದು ಕಟ್ಟಿಸಿದನೋ ದೇವಾಲಯಕ್ಕೆಂದೋ ಎಂಬುದು ವಿದ್ವಾಂಸರಲ್ಲಿ ಇತ್ಯರ್ಥವಾಗಿಲ್ಲ. ಅವನನ್ನು ಕೊನೆಗೆ ಹೂಳಿದ್ದಂತೂ ಇಂದಿನ ಸೆರ್ಬಿಯಾದಲ್ಲಿ. ಮುಂದೆ ಅದು ಚರ್ಚಾಯಿತು, 1591ರ ಹೊತ್ತಿಗೆ ಮಸೀದಿಯಾಯಿತು, 1912ರ ನಂತರ ಮತ್ತೆ ಚರ್ಚಾಗಿ ಈಗ ಸ್ಮಾರಕವಾಗಿದೆ. ಅಂಗಳದಲ್ಲಿ ನಿಂತಿರುವ ಮಿನಾರು ಆ ನಗರದಲ್ಲಿ ಉಳಿದುಬಂದ ಏಕೈಕ ಪೂರ್ಣ ಮಿನಾರು.

ಇಲ್ಲಿ ತಲೆಯೆತ್ತಿ ನೋಡಬೇಕಾದುದು ಗುಮ್ಮಟದ ಬುಡದಲ್ಲಿರುವ, ಬಣ್ಣದ ಸಣ್ಣ ತುಣುಕುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಚಿತ್ರಗಳನ್ನು. ಚಿನ್ನದ ಹಿನ್ನೆಲೆಯಲ್ಲಿ, ಅರಮನೆಗಳಂತಹ ಮಂಟಪಗಳ ಮುಂದೆ, ಕೈಗಳನ್ನು ಮೇಲೆತ್ತಿ ಪ್ರಾರ್ಥಿಸುತ್ತಿರುವ ಸಂತರ ಸಾಲು ಅದು, ಮತ್ತು ಅವರೆಲ್ಲರೂ ನಂಬಿಕೆಗಾಗಿ ಪ್ರಾಣ ಕೊಟ್ಟವರೆಂದು ಪರಂಪರೆ ಹೇಳುತ್ತದೆ. ಕ್ರೈಸ್ತರ ಮೇಲಿನ ದೊಡ್ಡ ದಮನಕ್ಕೆ ಒತ್ತಾಸೆಯಾಗಿ ನಿಂತಿದ್ದವನು ಇದೇ ಗಲೇರಿಯಸ್. ಸಾಯುವ ಮುನ್ನ 311ರಲ್ಲಿ ಸಹಿಷ್ಣುತೆಯ ಆಜ್ಞೆಯನ್ನು ಹೊರಡಿಸಿದವನೂ ಅವನೇ. ಅವನು ಎತ್ತಿಸಿದ ಗುಮ್ಮಟದೊಳಗೆ ನೂರು ವರ್ಷ ಕಳೆಯುವುದರೊಳಗೋ ಅಥವಾ ಸ್ವಲ್ಪ ತಡವಾಗಿಯೋ ಹುತಾತ್ಮರ ಚಿತ್ರಗಳು ಬಂದು ನಿಂತವು. ಪುಸ್ತಕದಲ್ಲಿ ಇದನ್ನು ಓದುವುದಕ್ಕೂ ಅದೇ ಗುಮ್ಮಟದ ಕೆಳಗೆ ನಿಂತು ಯೋಚಿಸುವುದಕ್ಕೂ ಇರುವ ಅಂತರವನ್ನು ನಿಮ್ಮಂತಹ ಅಧ್ಯಾಪಕರಿಗೆ ನಾನು ಹೇಳಬೇಕಾಗಿಲ್ಲ. ಚಿತ್ರಗಳು ಬಹಳ ಎತ್ತರದಲ್ಲಿರುವುದರಿಂದ ಒಂದು ಸಣ್ಣ ದುರ್ಬೀನನ್ನು ತಪ್ಪದೆ ಒಯ್ಯಿರಿ. ಈ ನಗರಕ್ಕೆ ಅದಕ್ಕಿಂತ ಉಪಯುಕ್ತವಾದ ಸಾಧನವಿಲ್ಲ.

ಅಲ್ಲಿಂದ ನೇರವಾಗಿ ಸಂತ ದಿಮಿತ್ರಿಯೋಸ್ ಚರ್ಚಿಗೆ ಹೋಗಬೇಕು, ಏಕೆಂದರೆ ಕಥೆ ಅಲ್ಲಿ ಮುಂದುವರಿಯುತ್ತದೆ. ಗಲೇರಿಯಸ್‌ನ ಕಾಲದಲ್ಲಿ ದಿಮಿತ್ರಿಯೋಸ್ ಎಂಬುವನನ್ನು ರೋಮನ್ ಸ್ನಾನಗೃಹವೊಂದರಲ್ಲಿ ಸೆರೆಯಿಟ್ಟು ಈಟಿಯಿಂದ ಇರಿದು ಕೊಂದರೆಂಬುದು ಐತಿಹ್ಯ; ಆ ಸ್ನಾನಗೃಹದ ಮೇಲೆಯೇ ಐದನೆಯ ಶತಮಾನದಲ್ಲಿ ಚರ್ಚು ಎದ್ದಿತು. ಏಳನೆಯ ಶತಮಾನದ ಮೊದಲ ಭಾಗದಲ್ಲಿ ಒಮ್ಮೆ ಬೆಂಕಿಗೆ ತುತ್ತಾಗಿ ಮತ್ತೆ ಕಟ್ಟಲ್ಪಟ್ಟು, 1493ರಲ್ಲಿ ಮಸೀದಿಯಾಗಿ, 1917ರ ಮಹಾ ಅಗ್ನಿದುರಂತದಲ್ಲಿ ಬಹುಪಾಲು ನಾಶವಾಗಿ, 1949ರಲ್ಲಿ ಪುನಃ ಪೂಜೆಗೆ ತೆರೆದ ಕಟ್ಟಡ ಇದು. ಹೊಸ ಕಟ್ಟಡವೆಂದು ಕೆಲವರು ಇದನ್ನು ಬೇಗನೆ ಮುಗಿಸಿ ಹೊರಡುತ್ತಾರೆ, ಅದು ಸರಿಯಲ್ಲ. ಗರ್ಭಭಾಗದ ಹತ್ತಿರದ ಕಂಬಗಳ ಮೇಲೆ ಬೆಂಕಿಯನ್ನು ದಾಟಿ ಉಳಿದ ಮೊಸಾಯಿಕ್ ಫಲಕಗಳಿವೆ: ಚರ್ಚನ್ನು ಮತ್ತೆ ಕಟ್ಟಿಸಿದ ಬಿಷಪ್ ಮತ್ತು ನಗರಾಧಿಕಾರಿಯ ಹೆಗಲ ಮೇಲೆ ಕೈಯಿಟ್ಟು ನಿಂತ ಸಂತ, ಇಬ್ಬರು ಮಕ್ಕಳೊಡನೆ ನಿಂತ ಸಂತ. ಬೈಜಾಂಟಿಯಂನಲ್ಲಿ ಮುಂದೆ ಚಿತ್ರಗಳನ್ನೇ ನಾಶಮಾಡಿದ ಚಳವಳಿಯೊಂದು ಬಂದುದರಿಂದ, ಅದಕ್ಕಿಂತ ಹಿಂದಿನ ಇಂತಹ ಚಿತ್ರಗಳು ಉಳಿದಿರುವುದೇ ಅಪರೂಪ. ನೆಲಮಾಳಿಗೆಗೆ ಇಳಿದರೆ ರೋಮನ್ ಸ್ನಾನಗೃಹದ ಭಾಗಗಳು ಕಾಣುತ್ತವೆ. ಶತಮಾನಗಳ ಕಾಲ ಮರೆತುಹೋಗಿದ್ದ ಈ ನೆಲಮಾಳಿಗೆ 1917ರ ಬೆಂಕಿಯ ನಂತರ ಮತ್ತೆ ಪತ್ತೆಯಾಯಿತು.

ನಗರದ ಹದಿನೈದು ಸ್ಮಾರಕಗಳು 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಎಲ್ಲವನ್ನೂ ನೋಡುವ ಹಟ ಬೇಡ. ರೊಟುಂಡಾ ಮತ್ತು ದಿಮಿತ್ರಿಯೋಸ್ ಜೊತೆಗೆ, ಗುಮ್ಮಟದಲ್ಲಿ ಕ್ರಿಸ್ತನ ಆರೋಹಣದ ಚಿತ್ರವಿರುವ ಎಂಟನೆಯ ಶತಮಾನದ ಸಂತ ಸೋಫಿಯಾ ಮತ್ತು ಐದನೆಯ ಶತಮಾನದ ಅಖಿರೊಪೀಟೋಸ್ ಸಾಕು. 1430ರಲ್ಲಿ ನಗರವನ್ನು ಗೆದ್ದ ಸುಲ್ತಾನ ಎರಡನೆಯ ಮುರಾದ್, ಅಖಿರೊಪೀಟೋಸ್ ಚರ್ಚಿನ ಕಂಬವೊಂದರ ಮೇಲೆ ತನ್ನ ವಿಜಯವನ್ನು ಕೆತ್ತಿಸಿದ್ದಾನೆ. ಉತ್ತರದ ಕಂಬಸಾಲಿನಲ್ಲಿ ಅದನ್ನು ಹುಡುಕಿ. ಚರ್ಚುಗಳು ಇಂದಿಗೂ ಪೂಜೆ ನಡೆಯುವ ಸ್ಥಳಗಳಾದ್ದರಿಂದ ಹೆಗಲು, ಮಂಡಿ ಮುಚ್ಚುವ ಉಡುಪು ಬೇಕು, ಮತ್ತು ಮಧ್ಯಾಹ್ನದ ನಂತರ ಹಲವು ಬಾಗಿಲು ಮುಚ್ಚುವುದರಿಂದ ಇವನ್ನೆಲ್ಲ ಬೆಳಗಿನ ಹೊತ್ತಿನಲ್ಲಿ ನೋಡುವುದು ಒಳ್ಳೆಯದು.

ಮೂರನೆಯ ದಿನ ವೆರ್ಗಿನಾ. ಮ್ಯಾಸಿಡೋನಿಯಾದ ಹಳೆಯ ರಾಜಧಾನಿ ಐಗೈ ಇದ್ದ ಜಾಗ ಅದು. ಅಲೆಗ್ಸಾಂಡರನ ತಂದೆ ಎರಡನೆಯ ಫಿಲಿಪ್ ಕ್ರಿ.ಪೂ. 336ರಲ್ಲಿ, ಮಗಳ ಮದುವೆಯ ಉತ್ಸವದ ನಡುವೆ, ಇಲ್ಲಿನ ರಂಗಮಂದಿರದಲ್ಲಿಯೇ ಕೊಲೆಯಾದನು. ಥೆಸಲೋನಿಕಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮನೋಲಿಸ್ ಅಂದ್ರೋನಿಕೋಸ್ ಹಳ್ಳಿಯ ನಡುವಿನ ಮಣ್ಣಿನ ದಿಬ್ಬವನ್ನು ಅಗೆದು, 1977ರ ನವೆಂಬರ್‌ನಲ್ಲಿ ಕಳ್ಳರ ಕೈಗೆ ಸಿಕ್ಕದೆ ಉಳಿದಿದ್ದ ರಾಜಸಮಾಧಿಯನ್ನು ತೆರೆದರು. ಹದಿನಾರು ಕಿರಣಗಳ ನಕ್ಷತ್ರವನ್ನು ಮುಚ್ಚಳದ ಮೇಲೆ ಹೊತ್ತ ಚಿನ್ನದ ಪೆಟ್ಟಿಗೆಯೊಳಗೆ ಸುಟ್ಟ ಮೂಳೆಗಳೂ ಓಕ್ ಎಲೆಗಳ ಚಿನ್ನದ ಕಿರೀಟವೂ ಇದ್ದವು. ಅದು ಫಿಲಿಪನ ಸಮಾಧಿಯೆಂದು ಅಂದ್ರೋನಿಕೋಸ್ ಹೇಳಿದರು. ಅಲೆಗ್ಸಾಂಡರನ ಮಲಸಹೋದರ ಮೂರನೆಯ ಫಿಲಿಪ್ ಅರಿಡಿಯಸ್‌ನದೆಂದು ವಾದಿಸುವವರೂ ಇದ್ದಾರೆ. ಮೂಳೆಗಳ ಪರೀಕ್ಷೆಯ ಸುತ್ತ ಈ ಚರ್ಚೆ ಇಂದಿಗೂ ನಡೆಯುತ್ತಿರುವುದರಿಂದ, ಅಲ್ಲಿನ ಮಾರ್ಗದರ್ಶಿಗಳು ಖಚಿತವಾಗಿ ಹೇಳುವುದನ್ನು ನೀವು ಒಂದು ಪಕ್ಷವೆಂದು ತಿಳಿದು ಕೇಳಬಹುದು.

ಸಮಾಧಿಗಳನ್ನು ಕಿತ್ತು ಬೇರೆಡೆಗೆ ಸಾಗಿಸದೆ, ಅವುಗಳ ಮೇಲೆ ಮತ್ತೆ ಮಣ್ಣಿನ ದಿಬ್ಬದ ರೂಪದಲ್ಲಿಯೇ ಸಂಗ್ರಹಾಲಯವನ್ನು ಕಟ್ಟಿದ್ದಾರೆ. ಒಳಗೆ ಬೆಳಕು ಕಡಿಮೆ, ತಂಪು ಹೆಚ್ಚು. ಒಂದು ಶಾಲು ಇರಲಿ. ಸಮಾಧಿಗಳ ಬಾಗಿಲಿನವರೆಗೆ ಇಳಿಯಲು ಮೆಟ್ಟಿಲುಗಳಿವೆ, ಆದರೆ ನಿಮ್ಮ ಪತ್ನಿಯವರು ನಿಧಾನವಾಗಿ ಇಳಿಯಬಹುದಾದಷ್ಟೇ. ಚಿನ್ನದ ಮುಂದೆ ಗುಂಪು ಸೇರಿರುತ್ತದೆ. ನೀವು ಬೇಟೆಯ ದೃಶ್ಯ ಬರೆದಿರುವ ಸಮಾಧಿಯ ಮುಂಭಾಗಕ್ಕೆ ಹೆಚ್ಚು ಸಮಯ ಕೊಡಿ. ಪ್ರಾಚೀನ ಗ್ರೀಕರ ದೊಡ್ಡ ವರ್ಣಚಿತ್ರಗಳ ಬಗ್ಗೆ ನಾವು ಬಹುಮಟ್ಟಿಗೆ ಬರವಣಿಗೆಯಿಂದಲೇ ತಿಳಿದಿದ್ದೇವೆ; ಮೂಲ ಚಿತ್ರಗಳೇ ಕಣ್ಣಿಗೆ ಬೀಳುವ ಕೆಲವೇ ಜಾಗಗಳಲ್ಲಿ ಇದು ಒಂದು. ಸಮೀಪದಲ್ಲಿ 2022ರ ಕೊನೆಯಲ್ಲಿ ಹೊಸ ಸಂಗ್ರಹಾಲಯವೂ ತೆರೆದಿದೆ, ಮತ್ತು ಅರಮನೆಯ ಅವಶೇಷಗಳು ದುರಸ್ತಿಯ ನಂತರ 2024ರ ಜನವರಿಯಲ್ಲಿ ಮತ್ತೆ ಪ್ರವೇಶಕ್ಕೆ ಮುಕ್ತವಾಗಿವೆ. ಸಾರ್ವಜನಿಕ ಬಸ್ಸಿನಲ್ಲಿ ಹೋಗುವುದಾದರೆ ವೆರಿಯಾ ಪಟ್ಟಣದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ನಿಮ್ಮ ಸ್ಥಿತಿಯಲ್ಲಿ ಆ ಇಡೀ ದಿನಕ್ಕೆ ಒಂದು ಕಾರು ಗೊತ್ತುಮಾಡಿಕೊಳ್ಳುವುದೇ ಮೇಲು. ಕಾರಿದ್ದರೆ ಮರಳುವಾಗ ಅಲೆಗ್ಸಾಂಡರ್ ಹುಟ್ಟಿದ ಪೆಲ್ಲಾವನ್ನೂ ನೋಡಬಹುದು. ಅಲ್ಲಿ ಹೊಳೆಯ ಉರುಟು ಕಲ್ಲುಗಳಿಂದ ಮಾಡಿದ ಸಿಂಹಬೇಟೆಯ ನೆಲಹಾಸು ಇದೆ. ಅಶೋಕನ ಹದಿಮೂರನೆಯ ಬಂಡೆ ಶಾಸನದಲ್ಲಿ ಹೆಸರಿಸಲ್ಪಟ್ಟ ಯವನ ರಾಜರಲ್ಲಿ ಒಬ್ಬನಾದ ಅಂಟಿಗೊನಸ್ ಗೊನಟಾಸ್ ಆಳಿದ್ದು ಇದೇ ಪೆಲ್ಲಾದಿಂದ. ತರಗತಿಯಲ್ಲಿ ಆ ಹೆಸರನ್ನು ಎಷ್ಟೋ ಸಲ ಹೇಳಿರುವ ನಿಮಗೆ ಆ ನೆಲವನ್ನು ಮೆಟ್ಟುವುದು ಸಂತೋಷ ಕೊಡುತ್ತದೆಂದು ನಂಬಿದ್ದೇನೆ.

ನಾಲ್ಕನೆಯ ದಿನವನ್ನು ನಾನು ವಿಶೇಷವಾಗಿ ಒತ್ತಿ ಹೇಳುತ್ತೇನೆ, ಏಕೆಂದರೆ ಬಹುಪಾಲು ಪ್ರವಾಸಿಗರು ಇದನ್ನೇ ಬಿಟ್ಟುಬಿಡುತ್ತಾರೆ. ಬೆಳಿಗ್ಗೆ ವೆನಿಝೆಲೋ ಮೆಟ್ರೋ ನಿಲ್ದಾಣಕ್ಕೆ ಇಳಿಯಿರಿ. 2006ರಲ್ಲಿ ಆರಂಭವಾದ ಮೆಟ್ರೋ ಕೆಲಸವು 2024ರ ನವೆಂಬರ್ 30ರವರೆಗೆ ಎಳೆದುದಕ್ಕೆ ಒಂದು ಮುಖ್ಯ ಕಾರಣ ಅಲ್ಲಿಯೇ ಇದೆ: ಅಮೃತಶಿಲೆ ಹಾಸಿದ ಬೈಜಾಂಟಿಯಂ ಕಾಲದ ರಾಜಬೀದಿ, ಅದರ ಇಕ್ಕೆಲಗಳ ಅಂಗಡಿಗಳ ಬುನಾದಿ. ಅದನ್ನು ಇದ್ದಲ್ಲೇ ಉಳಿಸಬೇಕೇ, ಕಿತ್ತು ಮತ್ತೆ ಜೋಡಿಸಬೇಕೇ ಎಂದು ನಗರವು ವರ್ಷಗಟ್ಟಲೆ ವಾದಿಸಿ, ಕೊನೆಗೆ ಕಿತ್ತು ಜೋಡಿಸಲಾಯಿತು. ಅಲ್ಲಿಂದ ಮೇಲೆ ಬಂದರೆ ಆಟೊಮನ್ನರ ಬಟ್ಟೆಮಾರುಕಟ್ಟೆಯಾದ ಬೆಝೆಸ್ತೆನಿ, ಹಮ್ಜಾ ಬೇ ಮಸೀದಿ, 1444ರಲ್ಲಿ ಕಟ್ಟಿದ ಸ್ನಾನಗೃಹ ಬೇ ಹಮಾಮ್ ಎಲ್ಲವೂ ಹತ್ತಿರ ಹತ್ತಿರದಲ್ಲಿವೆ.

1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದಿಗಳಿಗೆ ಆಟೊಮನ್ ಸುಲ್ತಾನರು ಈ ನಗರದಲ್ಲಿ ನೆಲೆ ಕೊಟ್ಟರು. ಸ್ಪ್ಯಾನಿಷ್ ಮೂಲದ ಲದೀನೋ ಮಾತನಾಡುತ್ತ, ಉಣ್ಣೆಬಟ್ಟೆ ನೇಯುತ್ತ, ಬಂದರಿನಲ್ಲಿ ಹೊರೆ ಹೊರುತ್ತ ಅವರು ನಾಲ್ಕು ಶತಮಾನ ಈ ಊರಿನ ಬಹುದೊಡ್ಡ ಸಮುದಾಯವಾಗಿದ್ದರು. ಶನಿವಾರ ಅವರ ವಿಶ್ರಾಂತಿಯ ದಿನವಾದ್ದರಿಂದ ಅಂದು ಬಂದರೇ ಮುಚ್ಚಿರುತ್ತಿತ್ತು. 1912ರಲ್ಲಿ ನಗರವು ಗ್ರೀಸಿಗೆ ಸೇರಿತು. 1917ರ ಆಗಸ್ಟ್ ಬೆಂಕಿಯಲ್ಲಿ 70,000ಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಯೆಹೂದಿಗಳು. ಇಂದು ಎಲ್ಲರೂ ಮೆಚ್ಚುವ ಅರಿಸ್ಟಾಟೆಲ್ ಚೌಕ ಆ ಬೆಂಕಿಯ ನಂತರ ಫ್ರೆಂಚ್ ವಾಸ್ತುಶಿಲ್ಪಿ ಅರ್ನೆಸ್ಟ್ ಎಬ್ರಾರ್ ಹಾಕಿಕೊಟ್ಟ ನಕ್ಷೆಯ ಫಲ. 1923ರಲ್ಲಿ ಗ್ರೀಸ್ ಮತ್ತು ಟರ್ಕಿಗಳ ನಡುವೆ ನಡೆದ ಜನವಿನಿಮಯದಲ್ಲಿ ಮುಸ್ಲಿಮರು ಟರ್ಕಿಗೆ ಹೋದರು, ಅಲ್ಲಿಂದ ಕ್ರೈಸ್ತ ನಿರಾಶ್ರಿತರು ಬಂದರು. ವೆರ್ಗಿನಾದ ಸಮಾಧಿಯನ್ನು ತೆರೆದ ಅಂದ್ರೋನಿಕೋಸ್ ಕೂಡ ಇಂದು ಟರ್ಕಿಯಲ್ಲಿರುವ ಬುರ್ಸಾದಲ್ಲಿ ಹುಟ್ಟಿ, ಹಸುಳೆಯಾಗಿದ್ದಾಗ ಈ ಊರಿಗೆ ಬಂದವರು. ಆಮೇಲೆ ಜರ್ಮನ್ ಆಕ್ರಮಣ. 1942ರ ಜುಲೈ 11ರ ಶನಿವಾರ ಎಲೆಫ್ಥೆರಿಯಾಸ್ ಚೌಕದಲ್ಲಿ ಸಾವಿರಾರು ಯೆಹೂದಿ ಗಂಡಸರನ್ನು ಬಿಸಿಲಿನಲ್ಲಿ ನಿಲ್ಲಿಸಿ ಅವಮಾನಿಸಿದರು. ಡಿಸೆಂಬರ್‌ನಲ್ಲಿ ಅವರ ಪುರಾತನ ಸ್ಮಶಾನವನ್ನು ಕೆಡವಿದರು. 1943ರ ಮಾರ್ಚ್ 15ರಂದು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಮೊದಲ ರೈಲು ಹೊರಟಿತು. ಕೆಲವೇ ತಿಂಗಳುಗಳಲ್ಲಿ ಆ ಸಮುದಾಯದ ಶೇಕಡಾ 90ಕ್ಕೂ ಹೆಚ್ಚು ಜನ ಇಲ್ಲವಾದರು. ಆ ಸ್ಮಶಾನದ ನೆಲದ ಮೇಲೆ ಇಂದು ಅರಿಸ್ಟಾಟೆಲ್ ವಿಶ್ವವಿದ್ಯಾಲಯವಿದೆ. ಆವರಣದಲ್ಲಿ 2014ರಲ್ಲಿ ಸ್ಥಾಪಿಸಿದ ಸ್ಮಾರಕವಿದೆ. ಆಯಿಯೂ ಮಿನಾ ಬೀದಿಯ ಯೆಹೂದಿ ವಸ್ತುಸಂಗ್ರಹಾಲಯದಲ್ಲಿ ಎರಡು ಗಂಟೆ ಕಳೆದು ಆಮೇಲೆ ಎಲೆಫ್ಥೆರಿಯಾಸ್ ಚೌಕಕ್ಕೂ ಈ ಸ್ಮಾರಕಕ್ಕೂ ಹೋಗಿ. ಇದನ್ನು ಬಿಟ್ಟು ಥೆಸಲೋನಿಕಿಯನ್ನು ನೋಡಿದೆವೆಂದುಕೊಳ್ಳುವುದು ಆ ಊರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಶನಿವಾರ ಆ ಸಂಗ್ರಹಾಲಯ ಮುಚ್ಚಿರುವುದರಿಂದ ನಿಮ್ಮ ನಾಲ್ಕನೆಯ ದಿನ ಶನಿವಾರವಾಗದಂತೆ ನೋಡಿಕೊಳ್ಳಿ.

ಕೊನೆಯ ದಿನ ಬೆಳಿಗ್ಗೆ ಆನೋ ಪೋಲಿ, ಅಂದರೆ ಬೆಂಕಿ ತಲುಪದೆ ಉಳಿದ ಮೇಲೂರು. ಇಲ್ಲಿನ ಓಣಿಗಳು ಕಡಿದಾಗಿವೆ, ಕಲ್ಲುಹಾಸು ಏರುಪೇರಾಗಿದೆ. ಟ್ಯಾಕ್ಸಿಯಲ್ಲಿ ಕೋಟೆಗೋಡೆಯ ತ್ರಿಗೋನಿಯೋ ಗೋಪುರದವರೆಗೆ ಹೋಗಿ, ಆಕಾಶ ಶುಭ್ರವಾಗಿದ್ದರೆ ಕೊಲ್ಲಿಯಾಚೆ ಒಲಿಂಪಸ್ ಪರ್ವತವನ್ನು ನೋಡಿ, ಅಲ್ಲಿಂದ ಹತ್ತಿರದ ವ್ಲಾತಾದೋನ್ ಮಠದ ಅಂಗಳದಲ್ಲಿ ನಿಮ್ಮ ಪತ್ನಿಯವರು ಕುಳಿತು ವಿಶ್ರಮಿಸಿಕೊಳ್ಳಬಹುದು. ಇಳಿಯುವ ದಾರಿಯಲ್ಲಿರುವ ಹೊಸಿಯೋಸ್ ದಾವಿದ್ ಎಂಬ ಪುಟ್ಟ ಚರ್ಚಿಗೆ ನೀವೊಬ್ಬರೇ ಆದರೂ ಹೋಗಿಬನ್ನಿ. ಗಡ್ಡವಿಲ್ಲದ ಯುವಕನಾಗಿ ಕಾಮನಬಿಲ್ಲಿನ ಮೇಲೆ ಕುಳಿತ ಕ್ರಿಸ್ತನ ಮೊಸಾಯಿಕ್ ಅಲ್ಲಿದೆ, ಅದು ಕಣ್ಣಿಗೆ ತೀರ ಹತ್ತಿರದಲ್ಲಿದೆ.

ಊಟದ ಬಗ್ಗೆ ಚಿಂತೆ ಬೇಡ, ಎಚ್ಚರ ಸಾಕು. ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಹಲವು ದಿನ ವ್ರತ ಮಾಡುವುದರಿಂದ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಅಲ್ಲಿ ಸಹಜವಾಗಿಯೇ ಇದೆ. ‘ನಿಸ್ತಿಸಿಮೊ’ ಎಂದು ಕೇಳಿದರೆ ಅರ್ಥವಾಗುತ್ತದೆ. ಆದರೆ ಆ ವ್ರತದಲ್ಲಿ ಸೀಗಡಿ, ಆಕ್ಟೊಪಸ್‌ಗಳಿಗೆ ನಿಷೇಧವಿಲ್ಲವೆಂಬುದನ್ನು ಮರೆಯಬೇಡಿ. ಟೊಮೆಟೊದೊಂದಿಗೆ ಒಲೆಯಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂತಹ ಗೀಗಾಂದೆಸ್, ಹುರುಳಿಕಾಯಿ, ಬದನೆಕಾಯಿಯ ಅಡುಗೆಗಳು, ಅನ್ನ ತುಂಬಿದ ದ್ರಾಕ್ಷಿ ಎಲೆ, ರವೆಯ ಹಲ್ವಾ ಎಲ್ಲವೂ ನಿಮಗೆ ಒಗ್ಗುತ್ತವೆ. ಬೆಳಗಿನ ಹೊತ್ತಿಗೆ ಎಳ್ಳು ಮೆತ್ತಿದ, ಬಳೆಯಾಕಾರದ ಕೂಲೂರಿ ಬ್ರೆಡ್ಡು ಬೀದಿ ಬೀದಿಯಲ್ಲಿ ಸಿಗುತ್ತದೆ. ಊರಿನ ಹೆಸರಾಂತ ತೆಳುಪದರದ ತಿಂಡಿ ಬುಗಾತ್ಸಾದ ಸಿಹಿ ಕೆನೆಯಲ್ಲಿಯೂ ಪಾಲಕ್ ಕಡುಬುಗಳಲ್ಲಿಯೂ ಮೊಟ್ಟೆ ಇರುವುದು ಸಾಮಾನ್ಯ, ಕೇಳದೆ ತಿನ್ನಬೇಡಿ.

ಅಕ್ಟೋಬರ್ ಒಳ್ಳೆಯ ಆಯ್ಕೆ. ಬಿಸಿಲು ಹಿತವಾಗಿರುತ್ತದೆ, ಆದರೆ ಉತ್ತರದಿಂದ ವರ್ದಾರಿಸ್ ಗಾಳಿ ಬೀಸಿದ ದಿನ ಚಳಿ ಕೊರೆಯುತ್ತದೆ. ಅಕ್ಟೋಬರ್ 26 ಸಂತ ದಿಮಿತ್ರಿಯೋಸ್‌ನ ಹಬ್ಬ, 28 ರಾಷ್ಟ್ರೀಯ ದಿನ. ಆಗ ದೊಡ್ಡ ಸೈನಿಕ ಮೆರವಣಿಗೆ ನಡೆಯುತ್ತದೆ, ಹೋಟೆಲುಗಳು ತುಂಬುತ್ತವೆ, ರಸ್ತೆಗಳು ಮುಚ್ಚುತ್ತವೆ. ಶಾಂತವಾಗಿ ನೋಡಬೇಕಾದರೆ ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಹೋಗಿ. ಜರ್ಮನಿಯ ಹಲವು ನಗರಗಳಿಂದ ಥೆಸಲೋನಿಕಿಗೆ ನೇರ ವಿಮಾನಗಳಿವೆ. 1960ರ ದಶಕದಿಂದ ಜರ್ಮನಿಗೆ ದುಡಿಯಲು ಹೋದ ಗ್ರೀಕರಲ್ಲಿ ಉತ್ತರ ಗ್ರೀಸಿನವರು ಬಹಳ ಮಂದಿ. ಮೆಟ್ರೋ ವಿಮಾನ ನಿಲ್ದಾಣದವರೆಗೆ ಹೋಗುವುದಿಲ್ಲ, ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕು.

ನೀವು ಕೇಳದಿದ್ದರೂ ವೀಸಾದ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಜರ್ಮನಿ ಮತ್ತು ಗ್ರೀಸ್ ಎರಡೂ ಶೆಂಗೆನ್ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕು, ಮತ್ತು ನೀವು ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು ನಿಯಮ. ಮಗಳ ಮನೆಯಲ್ಲಿಯೇ ಹೆಚ್ಚು ದಿನ ಇರುವ ನೀವು ಜರ್ಮನ್ ವೀಸಾಕ್ಕೇ ಅರ್ಜಿ ಸಲ್ಲಿಸಿ, ಪ್ರಯಾಣದ ವಿವರದಲ್ಲಿ ಗ್ರೀಸಿನ ಐದು ದಿನಗಳನ್ನೂ ಹೋಟೆಲಿನ ಕಾಯ್ದಿರಿಸುವಿಕೆಯನ್ನೂ ಮುಚ್ಚಿಡದೆ ತೋರಿಸಿ. ವೈದ್ಯಕೀಯ ವಿಮೆಯು ಇಡೀ ಶೆಂಗೆನ್ ವಲಯಕ್ಕೆ ಅನ್ವಯಿಸುವಂತಿದ್ದು ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಸ್ವೀಕರಿಸುತ್ತಾರೆ. ಯೂರೋಪಿನ ಬೇಸಿಗೆಯ ತಿಂಗಳುಗಳಲ್ಲಿ ಸಂದರ್ಶನದ ದಿನಾಂಕ ಸಿಗುವುದು ಕಷ್ಟವಾಗುವುದರಿಂದ ಏಪ್ರಿಲ್ ಅಥವಾ ಮೇ ತಿಂಗಳಲ್ಲಿಯೇ ಆ ಕೆಲಸ ಮುಗಿಸಿ, ವೀಸಾ ಕೈಗೆ ಬರುವವರೆಗೆ ಹಣ ಮರಳಿ ಸಿಗುವಂತಹ ಕೋಣೆಯನ್ನೇ ಕಾಯ್ದಿರಿಸಿ.